ಅಂಬಪ್ಪನನ್ನು ಹಿಡಿಯುವವರು

ಅಂಬಪ್ಪನಿಗೆ ತನ್ನನ್ನು ಹಿಡಿಯುವ ಗಂಡಸು ಇನ್ನೂ ಹುಟ್ಟಿಲ್ಲ ಎಂಬ ಗರ್ವವಿತ್ತು. ಇರಬಾರದು ಎನ್ನುವುದು ಹೇಗೆ? ಶಾಲೆಯ ಹುತುತು ತಂಡಕ್ಕೆ ಸೇರಿದಂದಿನಿಂದ ಒಬ್ಬನೇ ಒಬ್ಬ ಹುಡುಗನೂ ಅವನನ್ನು ಹಿಡಿದು ಕೆಡವಿರಲಿಲ್ಲ. ಅವನು ನಡುಗೆರೆ ದಾಟಿ, 'ಹುತುತುತು' ಎಂದು ಒಂದೇ ಉಸಿರಿನಲ್ಲಿ ಎದುರಾಳಿಗಳ ಅಂಗಳಕ್ಕೆ ನುಗ್ಗಿದನೆಂದರೆ ಅಲ್ಲಿದ್ದವರೆಲ್ಲ ದಿಕ್ಕಾಪಾಲಾಗುತ್ತಿದ್ದರು. ಯಾರಿಗಾದರೂ ಕೈ ತಾಗಿಸಿ, ಉಸಿರು ಮುರಿಯುವುದರೊಳಗೆ ತನ್ನ ಗೆರೆಗೆ ಮರಳಿದರೆ ತಾಗಿಸಿಕೊಂಡವನು ಔಟು. ಕೆಲವರಂತೂ ಅವನ ಕೈ ತಾಗುವವರೆಗೂ ಕಾಯುತ್ತಿರಲಿಲ್ಲ. ತಾವಾಗಿಯೇ ಸುಣ್ಣದ ಗೆರೆ ದಾಟಿ ಹೊರಗೆ ಹಾರಿ ಔಟಾಗುತ್ತಿದ್ದರು. ೧೯೫೪ರಲ್ಲಿ ಲಿಂಗಸುಗೂರಿನಲ್ಲಿ ನಡೆದ ಶಾಲೆಗಳ ಪಂದ್ಯದಲ್ಲಿ ಮಸ್ಕಿಯ ತಂಡ ಕೊನೆಯ ಆಟದವರೆಗೆ ಬಂದದ್ದು ಈ ಒಬ್ಬ ಹುಡುಗನ ದೆಸೆಯಿಂದಲೇ.

ಆ ಗರ್ವ ಇಳಿದದ್ದು ಕೊನೆಯ ಆಟದ ಹಿಂದಿನ ಸಂಜೆ. ಮಸ್ಕಿಯವರು ಗೆದ್ದು, ಹುಡುಗರೆಲ್ಲ ನಾಯಕ ಅಮರಗುಂಡಪ್ಪನನ್ನು ಹೆಗಲ ಮೇಲೆ ಹೊತ್ತು ಕುಣಿಯುತ್ತಿದ್ದರು. ಅಂಬಪ್ಪ ಸ್ವಲ್ಪ ದೂರದಲ್ಲಿ ನಿಂತು ಚಪ್ಪಾಳೆ ತಟ್ಟುತ್ತಿದ್ದ. ಅವನ ಬೆನ್ನ ಹಿಂದೆ ಇಬ್ಬರು ಸೈಕಲ್ಲಿಗೆ ಒರಗಿಕೊಂಡು ಮಾತಾಡುತ್ತಿದ್ದರು.

"ಆ ಕರೀ ಹುಡುಗ ಎಷ್ಟು ಚುರುಕದಾನ ನೋಡಲೇ. ಒಬ್ಬರ ಕೈಗೂ ಸಿಗಲಿಲ್ಲ."

"ಚುರುಕು ಎಲ್ಲಿಂದ ಬಂತು ಮಾರಾಯ? ಅವ ಕೆಳಗಿನ ಕೇರಿಯವ. ಹಿಡಿದ್ರ ಮನಿಗೆ ಹೋಗಿ ಜಳಕ ಮಾಡಬೇಕು. ಅದಕ್ಕ ಬಿಟ್ಟು ಓಡ್ತಾರ. ಆ ಲಾಲ್‌ಸಾಬ್ ಮಾಸ್ತರ ಬಲೇ ಹುಷಾರ್ ಮನಿಷಾ, ಎಂಥಾ ಹುಡುಗನ್ನ ಹುಡುಕ್ಯಾನ!"

ಇಬ್ಬರೂ ನಕ್ಕರು. ಅವರ ನಗೆಯಲ್ಲಿ ವಿಷವೇನೂ ಇರಲಿಲ್ಲ. ಎತ್ತಿನ ಹಲ್ಲು ನೋಡಿ ವಯಸ್ಸು ಹೇಳಿದಷ್ಟು ಸಹಜವಾಗಿ ಹೇಳಿ ಸೈಕಲ್ ಹತ್ತಿ ಹೋದರು. ಅಂಬಪ್ಪನ ಚಪ್ಪಾಳೆ ಅಲ್ಲಿಗೇ ನಿಂತಿತು.

ಒಂದು ಸಲ ಕಣ್ಣು ತೆರೆದರೆ ಹಿಂದಿನದೆಲ್ಲ ಸಾಲುಗಟ್ಟಿ ಬಂದು ಎದುರು ನಿಲ್ಲುತ್ತದೆ. ಎದುರಾಳಿ ನುಗ್ಗಿ ಬಂದಾಗ ತನ್ನ ತಂಡದವರು ಒಬ್ಬರ ಕೈ ಒಬ್ಬರು ಹಿಡಿದು ಸರಪಳಿ ಕಟ್ಟುತ್ತಿದ್ದರು. ಆ ಸರಪಳಿಯಲ್ಲಿ ಅಂಬಪ್ಪನ ಕೈ ಇರುತ್ತಿರಲಿಲ್ಲ. 'ನೀ ಮೂಲ್ಯಾಗ ನಿಂದ್ರು' ಎಂದು ಮಾಸ್ತರರು ಹೇಳಿದ್ದನ್ನು ಅವನು ದೊಡ್ಡ ಜವಾಬ್ದಾರಿ ಎಂದುಕೊಂಡಿದ್ದ. ಅಭ್ಯಾಸದ ಹೊತ್ತಿಗೆ ಅಮರಗುಂಡಪ್ಪ ಉಳಿದವರನ್ನೆಲ್ಲ ಉರುಳಾಡಿಸಿ ಹಿಡಿಯುತ್ತಿದ್ದ. ಇವನ ಸರದಿ ಬಂದಾಗ ಮಾತ್ರ, 'ಅಂಬಪ್ಪಗ ಕಲಿಸೋದೇನೈತಿ, ಅವ ಬಿಡು' ಎಂದು ಕೈ ಕೊಡವಿಬಿಡುತ್ತಿದ್ದ. ಅದನ್ನೂ ಈ ಹುಚ್ಚ ಹೊಗಳಿಕೆ ಎಂದೇ ತಿಳಿದಿದ್ದ. ಅವಮಾನವನ್ನು ಸನ್ಮಾನವೆಂದುಕೊಂಡು ಎದೆಯುಬ್ಬಿಸಿ ತಿರುಗಿದ್ದೆನಲ್ಲ ಎಂದು ಅವನಿಗೆ ಮೈಯೆಲ್ಲ ಉರಿಯಿತು. ಎಲ್ಲಕ್ಕಿಂತ ಹೆಚ್ಚಾಗಿ ಕೊರೆದದ್ದು ಬೇರೆಯೇ ಪ್ರಶ್ನೆ: ಹಾಗಾದರೆ ನನಗೆ ಆಟ ಬರುತ್ತದೋ ಇಲ್ಲವೋ?

ನೆಟ್ಟಗೆ ಲಾಲ್‌ಸಾಬ್ ಮಾಸ್ತರರ ಬಳಿ ಹೋದ. ಡ್ರಿಲ್ ಮಾಸ್ತರ ಲಾಲ್‌ಸಾಬ್ ಕೆಟ್ಟ ಮನುಷ್ಯನಲ್ಲ. ಕೇರಿಗೇ ಹೋಗಿ, ಅವ್ವ ಯಂಕಮ್ಮನನ್ನು ಒಪ್ಪಿಸಿ, ಅಂಬಪ್ಪನನ್ನು ತಂಡಕ್ಕೆ ಕರೆತಂದವನು ಅವನೇ. ಚಡ್ಡಿ ಹೊಲಿಸಿಕೊಟ್ಟವನೂ ಅವನೇ.

"ನಾಳೆ ನಾ ಆಡಂಗಿಲ್ರೀ ಮಾಸ್ತರ."

"ಯಾಕ ಬೇಟಾ? ಕಾಲು ಉಳುಕಿತೇನು?"

"ನನ್ನ ಯಾರೂ ಹಿಡಿಯಂಗಿಲ್ಲಂತ. ಅದಕ್ಕ ಕರಕೊಂಡು ಬಂದೀರಂತ. ಖರೇ ಏನ್ರೀ?"

ಲಾಲ್‌ಸಾಬ್ ಕೊರಳಲ್ಲಿದ್ದ ಸೀಟಿಯನ್ನು ತಿರುವತೊಡಗಿದ. ಸುಳ್ಳು ಹೇಳಲು ಬಾಯಿ ಬರಲಿಲ್ಲ, ನಿಜ ಹೇಳಲು ಮನಸ್ಸು ಬರಲಿಲ್ಲ.

"ನೋಡು, ಅವರು ಹಿಡೀಲಿಲ್ಲಂದ್ರ ಅದು ಅವರ ತಪ್ಪು. ನಿಂದೇನು ಹೋತು? ದುನಿಯಾ ನಿನ್ನ ದೂರ ಇಟ್ಟೈತಿ. ಆ ದೂರಾನ ನೀ ಬಳಸಿಕೊಂಡು ಗೆಲ್ಲು. ಕಪ್ ಕೈಗೆ ಬಂದ ಮ್ಯಾಲ ಯಾರು ಹಿಡಿದ್ರು, ಯಾರು ಬಿಟ್ರು ಅಂತ ಯಾರೂ ಕೇಳಂಗಿಲ್ಲ."

"ನಾ ಕೇಳ್ತೀನಲ್ರೀ," ಎಂದ ಅಂಬಪ್ಪ.

ಹೋಗಿ ಊಟ ಮಾಡು ಎಂದ ಮಾಸ್ತರ.

ಮರುದಿನ ಬೆಳಿಗ್ಗೆ ರಾಯಚೂರಿನಿಂದ ಬಂದಿದ್ದ ಶಾಲಾ ಇನ್‌ಸ್ಪೆಕ್ಟರರು ಎರಡೂ ತಂಡಗಳನ್ನು ಬಿಸಿಲಲ್ಲಿ ನಿಲ್ಲಿಸಿ ಭಾಷಣ ಮಾಡಿದರು. ಆಟಗಾರನಾದವನು ಅಂಪೈರನ ಮಾತಿಗೆ ಎದುರಾಡಬಾರದು, ಬೈಯಬಾರದು, ಕಾಲು ಕೊಟ್ಟು ಬೀಳಿಸಬಾರದು, ಸೋತರೆ ಮುಖ ಸಿಂಡರಿಸಬಾರದು, ಎದುರಾಳಿಯನ್ನು ಒಡಹುಟ್ಟಿದವನಂತೆ ಕಾಣಬೇಕು ಎಂದರು. ಒಳ್ಳೆಯ ಮಾತುಗಳೇ. ಅದರಲ್ಲಿ ಒಂದನ್ನೂ ಯಾರೂ ಮುರಿದಿರಲಿಲ್ಲ. ಇಷ್ಟು ದಿನದಲ್ಲಿ ಅಂಬಪ್ಪನನ್ನು ಒಬ್ಬನೂ ಬೈದಿರಲಿಲ್ಲ, ಒಬ್ಬನೂ ಕಾಲು ಕೊಟ್ಟು ಬೀಳಿಸಿರಲಿಲ್ಲ. ಅಷ್ಟು ಮರ್ಯಾದಸ್ಥ ಎದುರಾಳಿಗಳು ಇನ್ನಾರಿಗೂ ಸಿಕ್ಕಿರಲಾರರು. ಎದುರಿಗೆ ಬಂದವನನ್ನು ಹಿಡಿಯಲೇಬೇಕು ಎಂದು ಮಾತ್ರ ಇನ್‌ಸ್ಪೆಕ್ಟರರು ಹೇಳಲಿಲ್ಲ. ಹೇಳಬೇಕಾದೀತೆಂದು ಅವರಿಗೆ ಹೊಳೆದಿರಲೂ ಇಲ್ಲ.

ಆಡದೆ ಬಿಟ್ಟರೆ ತನಗೆ ಆಟ ಬರುತ್ತದೋ ಇಲ್ಲವೋ ಎಂಬುದು ತಿಳಿಯುವುದೇ ಇಲ್ಲ ಎನಿಸಿ ಅಂಬಪ್ಪ ಆಡಲು ಒಪ್ಪಿದ್ದ. ಭಾಷಣ ಮುಗಿದ ಮೇಲೆ ಅವನು ಬಾವಿಯ ಬಳಿ ಹೋಗಿ ಕುಳಿತ. ಕೊಡ, ಹಗ್ಗ ಎಲ್ಲ ಅಲ್ಲೇ ಇದ್ದರೂ ಯಾರಾದರೂ ಬಂದು ಸೇದಿ ಹಾಕುವ ತನಕ ಅವನಿಗೆ ನೀರಿಲ್ಲ. ಬಂದವನು ಹಂಪಣ್ಣ, ಅಂದಿನ ಎದುರಾಳಿಯಾದ ಸಿಂಧನೂರು ತಂಡದ ನಾಯಕ. ವಳಕಮದಿನ್ನಿಯ ಮರಿಸ್ವಾಮಿ ಸಾಹುಕಾರರ ಮಗ. ಎದುರಾಳಿಯ ಕಣಕಾಲಿಗೆ ಬಿದ್ದು ಹಿಡಿದನೆಂದರೆ ಬಿಡಿಸಿಕೊಂಡು ಹೋದವರಿಲ್ಲ ಎಂದು ಸುತ್ತಲೆಲ್ಲ ಹೆಸರಾಗಿದ್ದ. ಅವನು ಮಾತಿಲ್ಲದೆ ನೀರು ಸೇದಿ, ಕೊಡವನ್ನು ಎತ್ತರಕ್ಕೆ ಹಿಡಿದು, ಅಂಬಪ್ಪನ ಬೊಗಸೆಗೆ ಸುರಿದ.

ಅಂಬಪ್ಪ ಕುಡಿದು ಬಾಯಿ ಒರೆಸಿಕೊಂಡು ಹೇಳಿದ: "ಇವತ್ತು ನನ್ನ ಹಿಡೀರಿ."

"ಏನಂದಿ?"

"ಎಲ್ಲಾರನ್ನೂ ಹೆಂಗ ಹಿಡಿತೀರಿ, ನನ್ನೂ ಹಂಗ ಹಿಡೀರಿ. ನಾ ಬಿಡಿಸಿಕೊಂಡು ಹೋದ್ರ ಹೋದೆ, ಬಿದ್ರ ಬಿದ್ದೆ."

ಹಂಪಣ್ಣ ಸುತ್ತ ನೋಡಿ ದನಿ ತಗ್ಗಿಸಿದ. "ನಿನಗ ತಲಿ ಕೆಟ್ಟೈತೇನೋ? ನಮ್ಮಪ್ಪ ಬರಾಕತ್ಯಾನ ಆಟ ನೋಡಾಕ. ಅವನ ಕಣ್ಮುಂದ ನಿನ್ನ ಮ್ಯಾಲ ಬಿದ್ದು ಹೊಳ್ಳಾಡಿದ್ರ ನನಗ ಮನ್ಯಾಗ ಜಾಗಾ ಇರಂಗಿಲ್ಲ."

"ಹಂಗಾರ ಸೋಲ್ತೀರಿ."

"ಸೋಲಾಕ ಬಂದಿಲ್ಲ ನಾವು," ಎಂದ ಹಂಪಣ್ಣ ಸಿಟ್ಟಿನಿಂದ. "ನಿನ್ನ ಮುಟ್ಟದನ ಗೆಲ್ತೀವಿ. ನಿನ್ನ ಉಸಿರು ಮುಗಿಯೋತನ ಓಡಸ್ತೀವಿ. ಅದಕ್ಕೇನು ಮಾಡ್ತಿ?"

ಮಧ್ಯಾಹ್ನದ ಬಿಸಿಲು ಇಳಿಯುವ ಹೊತ್ತಿಗೆ ಆಟ ಶುರುವಾಯಿತು. ಮೈದಾನದ ಸುತ್ತ ಜನವೋ ಜನ. ಮುಂದಿನ ಸಾಲಿನ ಕುರ್ಚಿಗಳಲ್ಲಿ ಇನ್‌ಸ್ಪೆಕ್ಟರರು, ಊರಿನ ದೊಡ್ಡವರು, ಅವರ ನಡುವೆ ಬಿಳಿ ರುಮಾಲಿನ ಮರಿಸ್ವಾಮಿ ಸಾಹುಕಾರರು. ಮೇಜಿನ ಮೇಲೆ ಗೆದ್ದವರಿಗೆ ಕೊಡುವ ಕಪ್ಪು ಹೊಳೆಯುತ್ತಿತ್ತು. ಅಂಪೈರ್ ಕನಕರಾಯ ಸೀಟಿ ಊದಿದ.

ಹಂಪಣ್ಣ ಹೇಳಿದಂತೆಯೇ ಮಾಡಿದ. ಅಂಬಪ್ಪ ನುಗ್ಗಿದಾಗಲೆಲ್ಲ ಸಿಂಧನೂರಿನವರು ಗಾಬರಿಯಾಗಿ ಚದುರಲಿಲ್ಲ. ಅಳತೆ ಹಾಕಿಕೊಂಡವರಂತೆ ಅವನಿಂದ ಎರಡು ಮಾರು ದೂರ ಉಳಿದು, ಅವನು ಎಡಕ್ಕೆ ಬಂದರೆ ಬಲಕ್ಕೆ, ಬಲಕ್ಕೆ ಬಂದರೆ ಎಡಕ್ಕೆ ಸರಿದರು. ಅಂಬಪ್ಪ ಉಸಿರು ಕಟ್ಟಿ ಬರಿಗೈಯಲ್ಲಿ ವಾಪಸಾದ. ಮತ್ತೆ ಹೋದ, ಮತ್ತೆ ಬರಿಗೈ. ಅಂಗಳದ ತುಂಬ ಜನರಿದ್ದರೂ ಬಯಲಲ್ಲಿ ಒಬ್ಬನೇ ಓಡಾಡಿದಂತಾಗುತ್ತಿತ್ತು.

ಅತ್ತ ಅಮರಗುಂಡಪ್ಪ ದಾಳಿಗೆ ಹೋದಾಗ ಹಂಪಣ್ಣ ನೆಲಕ್ಕೆ ಬಿದ್ದು ಅವನ ಕಣಕಾಲನ್ನು ಎರಡೂ ಕೈಯಿಂದ ಬಾಚಿ ಹಿಡಿದ. ಅಮರಗುಂಡಪ್ಪ ಕೊಸರಾಡಿದ, ಹೊರಳಿದ, ಒದೆದ. ಉಳಿದವರೂ ಮೇಲೆ ಬಿದ್ದರು. ಧೂಳು ಇಳಿದಾಗ ಅವನ ಮೊಣಕೈಯಿಂದ ರಕ್ತ ಸೋರುತ್ತಿತ್ತು, ಅಂಗಿ ಹರಿದಿತ್ತು. ಅವನು ಉಗುಳುತ್ತ, ಗೊಣಗುತ್ತ ಹೊರಗೆ ನಡೆದ. ಅಂಬಪ್ಪನಿಗೆ ತನ್ನ ನಾಯಕ ಔಟಾದ ದುಃಖಕ್ಕಿಂತ ಹೊಟ್ಟೆಕಿಚ್ಚೇ ಹೆಚ್ಚಾಯಿತು. ಆ ಹರಿದ ಅಂಗಿ, ಆ ರಕ್ತ ತನಗೆ ಬೇಕಿತ್ತು. ಅದನ್ನು ಯಾರ ಮುಂದೆ ಹೇಳಿಕೊಂಡರೂ ನಕ್ಕಾರು.

ಆಟ ಹಗ್ಗದಂತೆ ಎಳೆದಾಡಿತು. ಮಸ್ಕಿಯವರು ಒಬ್ಬನನ್ನು ಹೊರಗೆ ಹಾಕಿದರೆ ಸಿಂಧನೂರಿನವರೂ ಒಬ್ಬನನ್ನು ಹಾಕಿದರು. ಕೊನೆಗೆ ಎರಡೂ ಕಡೆಯ ಲೆಕ್ಕ ಸಮವಾಗಿ ನಿಂತಿತು. ಕನಕರಾಯ ಗಡಿಯಾರ ನೋಡಿ, "ಇದು ಕಡೇ ದಾಳಿ, ಮಸ್ಕಿಯವರದು," ಎಂದು ಕೂಗಿದ. ಈ ದಾಳಿಯಲ್ಲಿ ಒಬ್ಬನನ್ನು ಮುಟ್ಟಿ ಬಂದರೆ ಕಪ್ಪು ಮಸ್ಕಿಗೆ. ಹೋದವನು ಅಲ್ಲೇ ಸಿಕ್ಕಿಬಿದ್ದರೆ, ಇಲ್ಲವೇ ಉಸಿರು ಮುರಿದರೆ, ಸಿಂಧನೂರಿಗೆ.

"ಅಂಬಪ್ಪ, ಹೋಗು," ಎಂದ ಲಾಲ್‌ಸಾಬ್ ಮಾಸ್ತರ.

ಅಂಬಪ್ಪ ಎದೆ ತುಂಬ ಉಸಿರು ಎಳೆದುಕೊಂಡು ಗೆರೆ ದಾಟಿದ. ಹುತುತುತುತು. ಎದುರಿಗೆ ಉಳಿದಿದ್ದವರು ಹಂಪಣ್ಣ ಮತ್ತು ಇನ್ನಿಬ್ಬರು. ಅಂಬಪ್ಪ ಈ ಸಲ ಎಡಬಲ ಓಡಾಡಿ ಉಸಿರು ಕಳೆಯಲಿಲ್ಲ. ಇಬ್ಬರನ್ನು ಬಿಟ್ಟು ಹಂಪಣ್ಣನ ಮೇಲೇ ಕಣ್ಣಿಟ್ಟು, ಅವನ ಒಂದೊಂದೇ ದಾರಿ ಮುಚ್ಚುತ್ತ ಬಂದ. ಹಂಪಣ್ಣ ಹಿಂದೆ ಸರಿದ, ಮತ್ತೂ ಸರಿದ. ಹಿಮ್ಮಡಿ ಮೂಲೆಯ ಸುಣ್ಣದ ಗೆರೆಗೆ ತಾಗುವಷ್ಟರಲ್ಲಿ ನಿಂತ. ಇನ್ನು ಹಿಂದೆ ಜಾಗವಿಲ್ಲ. ಗೆರೆ ದಾಟಿದರೆ ಔಟು. ಅಂಬಪ್ಪ ಕೈ ಚಾಚಿದರೆ ಸಾಕು, ಕಪ್ಪು ಮಸ್ಕಿಗೆ.

ಅಂಬಪ್ಪ ಕೈ ಚಾಚಲಿಲ್ಲ.

ಒಂದು ತೋಳಿನ ದೂರದಲ್ಲಿ ನಿಂತು, ಎರಡೂ ಕೈ ಕೆಳಗಿಳಿಸಿ, ಬಲಗಾಲನ್ನು ಹಂಪಣ್ಣನ ಮುಂದೆ ಊರಿದ. ಹುತುತುತು ಎನ್ನುತ್ತಲೇ ಇದ್ದ. ಕಣ್ಣಿನಲ್ಲೇ ಹೇಳಿದ: ಹಿಡೀರಿ.

ಗದ್ದಲವೆಲ್ಲ ನಿಂತು ಮೈದಾನದಲ್ಲಿ ಆ ಒಂದು ದನಿ ಮಾತ್ರ ಉಳಿಯಿತು. ಜನರಿಗೆ ಏನಾಗುತ್ತಿದೆಯೆಂದು ತಿಳಿಯಲಿಲ್ಲ. ತಿಳಿದವರಿಗೆ ನಂಬಲಾಗಲಿಲ್ಲ.

"ಮುಟ್ಟಿ ಬಾರಲೇ!" ಎಂದು ಲಾಲ್‌ಸಾಬ್ ಗಂಟಲು ಹರಿಯುವಂತೆ ಕಿರುಚಿದ. "ಮುಟ್ಟೋ! ಮುಟ್ಟಿ ಬಾ!"

ಅಂಬಪ್ಪನ ಕಿವಿಯಲ್ಲಿ ಅವ್ವನ ಮಾತು ಹಾದುಹೋಯಿತು. ಮೋಟಾರು ಹತ್ತುವಾಗ ಯಂಕಮ್ಮ ಹೇಳಿದ್ದಳು, 'ದೊಡ್ಡವರ ಮಕ್ಕಳ ಮೈಮ್ಯಾಲ ಬೀಳಬ್ಯಾಡೋ ಯಪ್ಪಾ, ಆಟ ಅಂದ್ರೂ ಅವರು ಮರಿಯಂಗಿಲ್ಲ'. ಅವನಿಗೆ ಹೆದರಿಕೆಯಾಯಿತು. ಆದರೂ ಕಾಲನ್ನು ಹಿಂದಕ್ಕೆ ತೆಗೆಯಲಿಲ್ಲ.

ಹಂಪಣ್ಣನಿಗೆ ಮಾಡಬೇಕಾದ್ದೇನೂ ಇರಲಿಲ್ಲ, ಸುಮ್ಮನೆ ನಿಂತರೆ ಸಾಕಿತ್ತು. ಅಂಬಪ್ಪನ ಉಸಿರು ಇನ್ನೆಷ್ಟು ಹೊತ್ತು? ಆಗಲೇ ಅವನ ಕೊರಳಿನ ನರ ಉಬ್ಬಿತ್ತು, ದನಿ ತೆಳ್ಳಗಾಗಿತ್ತು. ಉಸಿರು ಮುರಿದರೆ ಕೈ ಕೊಳೆಯಾಗದೆ ಕಪ್ಪು ಮನೆಗೆ ಬರುತ್ತದೆ. ಅಪ್ಪನೂ ಖುಷಿ, ಊರೂ ಖುಷಿ. ಆದರೆ ಹಿಡಿಯುವುದರಲ್ಲೇ ಹೆಸರು ಮಾಡಿದವನು ಅವನು. ಎದುರಿಗೆ ಒಬ್ಬ ಕಾಲು ಕೊಟ್ಟು ನಿಂತಿದ್ದಾನೆ, ಇವನು ಮೂಲೆ ಸೇರಿದ ಬೆಕ್ಕಿನಂತೆ ಅವನ ಉಸಿರು ಹೋಗುವುದನ್ನು ಕಾಯುತ್ತಿದ್ದಾನೆ. ಅವನ ಮುಖ ಕೆಂಪೇರಿದ್ದನ್ನು ಅಂಬಪ್ಪ ಕಂಡ.

ಮರಿಸ್ವಾಮಿ ಸಾಹುಕಾರರು ಕುರ್ಚಿಯಿಂದ ಎದ್ದರು. ಅವರಿಗೆ ಆಟದ ಲೆಕ್ಕ ಅಷ್ಟಾಗಿ ತಿಳಿಯದು. ಮಗ ಮೂಲೆಯಲ್ಲಿ ಸಿಕ್ಕಿಕೊಂಡದ್ದು, ಎದುರಿಗೆ ನಿಂತವನು ಯಾರೆಂಬುದು ತಿಳಿಯುತ್ತಿತ್ತು, ಅಷ್ಟೆ.

"ಹಂಪಣ್ಣಾ! ಗೆರಿ ದಾಟಿ ಹೊರಗ ಬಾ! ಹೊರಗ ಬಾ ಅಂತೀನಿ! ಹೋದ್ರ ಹೋಗಲಿ ಕಪ್ಪು!"

ಹಂಪಣ್ಣ ಅಪ್ಪನ ಕಡೆ ನೋಡಿದ. ಅಂಬಪ್ಪನ ಕಣ್ಣು ಕತ್ತಲೆ ಕಟ್ಟುತ್ತಿತ್ತು. ಎದೆಯಲ್ಲಿ ಇನ್ನು ಸ್ವಲ್ಪವೇ ಉಳಿದಿತ್ತು. ಹುತು, ಹುತು, ಹುತು. ಸುಮ್ಮನೆ ಹೋಯಿತಲ್ಲ, ಕಪ್ಪೂ ಹೋಯಿತು, ಇದೂ ಹೋಯಿತು ಎಂದು ಅವನು ಒಳಗೇ ಕುಸಿಯುತ್ತಿದ್ದಾಗ ಹಂಪಣ್ಣ ಹೊರಗೆ ಕಾಲಿಡಲಿಲ್ಲ. ನೆಲಕ್ಕೆ ಬಿದ್ದ.

ಕಣಕಾಲಿಗೆ ಎರಡು ಕೈ ಬಿಗಿದವು. ಅಂಬಪ್ಪನಿಗೆ ಅದು ಎಂಥ ಬಿಗಿಯೆಂಬುದೇ ಗೊತ್ತಿರಲಿಲ್ಲ. ಅವನು ದಢಕ್ಕನೆ ಬಿದ್ದ, ಗಲ್ಲ ನೆಲಕ್ಕೆ ಉಜ್ಜಿತು, ಬಾಯಿಗೆ ಮಣ್ಣು ಬಂತು. ಕಾಲು ಕೊಟ್ಟು ನಿಂತದ್ದು ನಿಜ, ಆದರೆ ಸಿಕ್ಕಮೇಲೆ ಸುಮ್ಮನೆ ಮಲಗುವ ಜಾತಿಯಲ್ಲ ಅವನು. ಒದ್ದ, ಹೊರಳಿದ, ಮೊಣಕೈ ಊರಿ ನಡುಗೆರೆಯ ಕಡೆ ತೆವಳಿದ. ಹಂಪಣ್ಣನನ್ನೂ ಜೊತೆಗೇ ಎಳೆದುಕೊಂಡ. ಉಳಿದಿಬ್ಬರು ಹುಡುಗರು ಹತ್ತಿರ ಬಂದು ಬಗ್ಗಿದರು, ಆಮೇಲೆ ಕೈ ಹಿಂದಕ್ಕೆ ತೆಗೆದರು. ತಮ್ಮ ನಾಯಕನೊಬ್ಬನೇ ಧೂಳಿನಲ್ಲಿ ಒದ್ದಾಡುವುದನ್ನು ನೋಡುತ್ತ ನಿಂತರು. ಹಂಪಣ್ಣ ಕಾಲಿನಿಂದ ಸೊಂಟಕ್ಕೆ ಏರಿ ಅಪ್ಪಿ ಹಿಡಿದ. ಒಬ್ಬನ ಬೆವರು ಒಬ್ಬನಿಗೆ ಮೆತ್ತಿತು, ಹಂಪಣ್ಣನ ಏದುಸಿರು ಅಂಬಪ್ಪನ ಕಿವಿಗೆ ಬಡಿಯಿತು. ನಡುಗೆರೆ ಇನ್ನು ಒಂದು ಗೇಣು. ಅಂಬಪ್ಪ ಬೆರಳು ಚಾಚಿದ. ಸುಣ್ಣದ ಪುಡಿ ಕಣ್ಣಿಗೆ ಕಾಣುತ್ತಿತ್ತು. ಹು... ಎಂದವನಿಗೆ ಮುಂದೆ ಉಸಿರೇ ಬರಲಿಲ್ಲ.

ಕನಕರಾಯ ಸೀಟಿ ಊದಿದ. "ಔಟ್! ಸಿಂಧನೂರು!"

ಸಿಂಧನೂರಿನ ಹುಡುಗರು ಕೇಕೆ ಹಾಕಿ ಓಡಿಬಂದರು. ಬಂದವರು ತಮ್ಮ ನಾಯಕನಿಂದ ಎರಡು ಮಾರು ದೂರದಲ್ಲಿ ತಡೆದು ನಿಂತರು. ಗೆಲ್ಲಿಸಿದವನನ್ನು ಹೆಗಲ ಮೇಲೆ ಹೊರಬೇಕಾದ ಕೈಗಳು ಪಕ್ಕಕ್ಕೆ ಇಳಿಬಿದ್ದವು. ಹಂಪಣ್ಣ ಮಂಡಿಯೂರಿ ಕುಳಿತು ಅವರನ್ನು ಒಬ್ಬೊಬ್ಬರನ್ನಾಗಿ ನೋಡಿದ. ಇಷ್ಟು ದಿನ ಅಂಬಪ್ಪನ ಸುತ್ತ ಇದ್ದ ಬಯಲು ಈಗ ಅವನ ಸುತ್ತಲೂ ಬಂದಿತ್ತು.

ಮರಿಸ್ವಾಮಿ ಸಾಹುಕಾರರು ಸಿಟ್ಟಿನಿಂದ ಗೆರೆಯ ಆಚೆಯೇ ನಿಂತು ಕೂಗಿದರು. "ಅಲ್ಲೇ ನಿಂದ್ರು! ಮೋಟಾರಿನ್ಯಾಗ ಎಲ್ಲಾರ ಕೂಡ ಕುಂಡ್ರಬ್ಯಾಡ. ಬಾವಿಗೆ ಹೋಗಿ ತಲೀ ಮ್ಯಾಲ ನೀರು ಸುರುವಿಕೋ, ಆಮ್ಯಾಲ ನನ್ನ ಮುಂದ ಬಾ. ಕಪ್ಪಿಗೆ ಬೆಂಕಿ ಹಚ್ಚಲಿ!"

"ಬರ್ತೀನಿ ಯಪ್ಪಾ," ಎಂದ ಹಂಪಣ್ಣ. ಆದರೆ ಕೂಡಲೇ ಏಳಲಿಲ್ಲ. ಹೆದರಿದ್ದ. ಅಂಬಪ್ಪನ ಕಡೆ ತಿರುಗಿ, ಇನ್ನೂ ಏದುತ್ತ ಹೇಳಿದ: "ನಿನ್ನ ಎಡಗಾಲು ನಿಧಾನ ಐತಿ."

"ಏನ್ರೀ?"

"ತಿರುಗುವಾಗ ಎಡಗಾಲು ಹಿಂದ ಉಳೀತೈತಿ. ನೀ ಬಲಗಾಲು ಕೊಟ್ಟಿ, ನಾ ಬೇಕಂತನ ಎಡಗಾಲು ಹಿಡಿದೆ. ನಿನ್ನ ಹಿಡಿಯೋದು ದೊಡ್ಡ ಕೆಲಸ ಅಲ್ಲ ಬಿಡು. ಒಂದು ಹತ್ತು ಮಂದಿ ಅದಾರ ಹಿಡಿಯೋರು, ನಮ್ಮ ಕಡೀಗೆ." ಸ್ವಲ್ಪ ತಡೆದು, "ಆದ್ರ ತೆವಳೋದ್ರಾಗ ಬಲ ಐತಿ ನಿನಗ. ನನ್ನ ಭುಜ ಕಿತ್ತು ಬಂದಂಗ ಆಗೈತಿ," ಎಂದ. ಎದ್ದು, ಭುಜ ಹಿಡಿದುಕೊಂಡು, ಒಬ್ಬನೇ ಬಾವಿಯ ಕಡೆ ನಡೆದ.

ಅಂಬಪ್ಪ ಅಲ್ಲೇ ಕುಳಿತು ತನ್ನ ಎಡಗಾಲನ್ನು ನೋಡಿಕೊಂಡ. ಕಣಕಾಲಿನ ಸುತ್ತ ಬೆರಳಿನ ಗುರುತು ಕೆಂಪಗೆ ಎದ್ದಿತ್ತು. ನಾನು ಗಾಳಿಯೂ ಅಲ್ಲ, ಮಿಂಚೂ ಅಲ್ಲ. ಎಡಗಾಲು ನಿಧಾನವಿರುವ ಒಬ್ಬ ಆಟಗಾರ. ಅದನ್ನು ತಿಳಿದು ಅವನಿಗೆ ಅಳು ಬಂತು, ಅಳುವಿನ ಜೊತೆಗೆ ನಗುವೂ ಬಂತು. ಸೋತವನು ನಗುವುದನ್ನು ಅವನ ತಂಡದವರೆಲ್ಲ ಕಂಡರು.

ಅಮರಗುಂಡಪ್ಪನಿಗೆ ತಡೆಯಲಾಗಲಿಲ್ಲ. ರಕ್ತ ಸೋರುವ ಮೊಣಕೈ, ಹರಿದ ಅಂಗಿ, ಕಣ್ಣೆದುರಿಗೇ ಕೈತಪ್ಪಿದ ಕಪ್ಪು. ಬುಸುಗುಡುತ್ತ ಓಡಿಬಂದು ಅಂಬಪ್ಪನ ರಟ್ಟೆ ಹಿಡಿದು ಜಗ್ಗಿ ಎಬ್ಬಿಸಿದ. "ಗೆದ್ದ ಆಟ ಕೊಟ್ಟು ಬಂದು ನಗತೀಯೇನಲೇ! ಊರಿಗೆ ಯಾವ ಮುಖ ಹೊತ್ತುಕೊಂಡು ಹೋಗೋಣಲೇ! ಕೈಗೆ ಸಿಕ್ಕವನ್ನ ಯಾಕ ಮುಟ್ಟಲಿಲ್ಲ? ಹೇಳು!" ಎಂದು ರಟ್ಟೆ ಹಿಡಿದು ಅಲುಗಾಡಿಸಿದ. ಲಾಲ್‌ಸಾಬ್ ಮಾಸ್ತರ ಓಡಿಬಂದವನು ಆ ಹಿಡಿದ ಕೈಯನ್ನು ಕಂಡು ಬಾಯಿ ತೆರೆದುಕೊಂಡೇ ನಿಂತ. ಸಿಟ್ಟಿನಲ್ಲಿ ಅಮರಗುಂಡಪ್ಪನಿಗೆ ತಾನು ಯಾರನ್ನು ಹಿಡಿದಿದ್ದೇನೆಂಬ ಖಬರೇ ಇರಲಿಲ್ಲ.

"ನನ್ನ ಎಡಗಾಲು ನಿಧಾನ ಐತಂತ ಅಣ್ಣಾರ," ಎಂದ ಅಂಬಪ್ಪ. "ಇಷ್ಟು ದಿನ ನೀವ್ಯಾರೂ ಹೇಳಲಿಲ್ಲ."

"ನಾಳೆ ಮೈದಾನಕ್ಕ ಬಾ, ಆ ಎಡಗಾಲು ಮುರದ ಹಾಕ್ತೀನಿ!"

"ಮುರೀರಿ," ಎಂದ ಅಂಬಪ್ಪ. "ಆದ್ರ ಹಿಡದು ಮುರೀರಿ."